ನರ, ನೆಲ, ಕೋಡಿ: ಎರಡು ಜ್ಞಾನಶಿಸ್ತುಗಳ ಕನ್ನಡ ಪರಿಭಾಷೆ

1

ಕನ್ನಡದಲ್ಲಿ ಪಾರಿಭಾಷಿಕ ಪದಗಳ ಚರ್ಚೆ ಹೊಸದಲ್ಲ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಆರಂಭಿಸಿದಾಗಲೇ ಈ ಚರ್ಚೆಗೆ ಒಂದು ಗಂಭೀರ ನೆಲೆ ದೊರೆತಿತ್ತು. ಮೈಸೂರು ವಿಶ್ವವಿದ್ಯಾನಿಲಯವು 1946ರಲ್ಲಿ ಹೊರತಂದ ಇಂಗ್ಲಿಷ್-ಕನ್ನಡ ನಿಘಂಟು, 1969ರಿಂದ ಸಂಪುಟಗಳಾಗಿ ಬಂದ ಕನ್ನಡ ವಿಶ್ವಕೋಶ, ವೈದ್ಯಕೀಯ ಪದಗಳ ಬಗ್ಗೆ ಡಿ.ಎಸ್. ಶಿವಪ್ಪನವರು ನಡೆಸಿದ ದೀರ್ಘಕಾಲದ ದುಡಿಮೆ, ‘ಕನ್ನಡದಲ್ಲೇ ಹೊಸಪದಗಳನ್ನು ಕಟ್ಟುವ ಬಗೆ’ಯನ್ನು ಕುರಿತು ಡಿ.ಎನ್. ಶಂಕರ ಬಟ್ಟರು ಎತ್ತಿದ ಮೂಲಭೂತ ಪ್ರಶ್ನೆಗಳು, ಇವೆಲ್ಲ ಆ ಚರ್ಚೆಯ ಬೇರೆ ಬೇರೆ ಘಟ್ಟಗಳು. ಆದರೆ ಈ ಇಡೀ ವಾಗ್ವಾದವು ಬಹುಮಟ್ಟಿಗೆ ಒಂದೇ ಜಾಡಿನಲ್ಲಿ ಸಾಗಿದೆ. ಹೊಸ ಪದವನ್ನು ಸಂಸ್ಕೃತದಿಂದ ಕಟ್ಟಬೇಕೆ, ಅಚ್ಚಗನ್ನಡದಿಂದ ಕಟ್ಟಬೇಕೆ, ಇಂಗ್ಲಿಷಿನ ಪದವನ್ನೇ ಉಳಿಸಿಕೊಳ್ಳಬೇಕೆ ಎಂಬುದು ಆ ಜಾಡು. ಕಟ್ಟಬೇಕಾದ ಪದವು ಯಾರ ಬಾಯಲ್ಲಿ ಈಗಾಗಲೇ ಇರಬಹುದು, ಅದನ್ನು ಎಲ್ಲಿಗೆ ಹೋಗಿ ಕೇಳಬೇಕು ಎಂಬ ಪ್ರಶ್ನೆಯು ಅಷ್ಟಾಗಿ ಮುನ್ನೆಲೆಗೆ ಬರಲಿಲ್ಲ.

ಈ ಪ್ರಶ್ನೆಯನ್ನು ಪರಿಶೀಲಿಸಲು ಪ್ರಸ್ತುತ ಲೇಖನವು ಎರಡು ಜ್ಞಾನಶಿಸ್ತುಗಳನ್ನು ಆಯ್ದುಕೊಂಡಿದೆ. ಒಂದು ಮಿದುಳು ಮತ್ತು ನರಗಳ ಶಸ್ತ್ರಚಿಕಿತ್ಸೆ. ಇನ್ನೊಂದು ‘ಭೂದೃಶ್ಯ ವಾಸ್ತುಶಿಲ್ಪ’ ಎಂದು ಕನ್ನಡದಲ್ಲಿ ಕರೆಯಲಾಗುತ್ತಿರುವ, ನೆಲ-ನೀರು-ಗಿಡಮರಗಳನ್ನು ಮನುಷ್ಯವಾಸಕ್ಕೆ ಒಗ್ಗುವಂತೆ ವಿನ್ಯಾಸಗೊಳಿಸುವ ಶಾಸ್ತ್ರ. ಇವೆರಡನ್ನು ಜೊತೆಗಿಡುವುದು ಮೇಲ್ನೋಟಕ್ಕೆ ವಿಚಿತ್ರವೆನಿಸಬಹುದು. ಆದರೆ ಕನ್ನಡದ ಶಾಸ್ತ್ರಸಾಹಿತ್ಯವನ್ನು ಬಲ್ಲವರಿಗೆ ಇದು ಅಪರಿಚಿತ ಜೋಡಿಯಲ್ಲ. ಚಾವುಂಡರಾಯನ ‘ಲೋಕೋಪಕಾರ’ವು ಹನ್ನೊಂದನೆಯ ಶತಮಾನದ ಆರಂಭದ ಕೃತಿ. ಮನೆ ಕಟ್ಟುವ ವಾಸ್ತು, ಅಂತರ್ಜಲವನ್ನು ಗುರುತಿಸುವ ವಿದ್ಯೆ, ವೃಕ್ಷಾಯುರ್ವೇದ, ಅಡುಗೆ, ವೈದ್ಯ ಇವೆಲ್ಲವೂ ಅದರ ಎರಡು ರಟ್ಟುಗಳ ನಡುವೆ ಅಕ್ಕಪಕ್ಕದಲ್ಲಿವೆ. ಜ್ಞಾನವು ಇಲಾಖೆಗಳಾಗಿ ಒಡೆಯುವ ಮುನ್ನ ನೆಲದ ಮಾತೂ ದೇಹದ ಮಾತೂ ಒಂದೇ ಮನೆಯಲ್ಲಿದ್ದುವು ಎನ್ನುವುದಕ್ಕೆ ಈ ಗ್ರಂಥವೇ ಸಾಕ್ಷಿ.

ಇಂದು ಈ ಎರಡು ಶಿಸ್ತುಗಳೂ ಒಂದೇ ಊರಿನ ಜನರನ್ನು ಹೇಗೆ ಮುಟ್ಟುತ್ತಿವೆ ಎಂಬುದಕ್ಕೆ ಮೈಸೂರಿನ ದಕ್ಷಿಣಕ್ಕೆ, ನಂಜನಗೂಡು ರಸ್ತೆಯಲ್ಲಿ, ನಗರದಿಂದ ಸುಮಾರು 10 ಕಿಲೋಮೀಟರ್ ದೂರದಲ್ಲಿರುವ ಮಂಡಕಳ್ಳಿಯನ್ನು ನೋಡಬಹುದು. ಹೊರಗಿನವರಿಗೆ ಇದು ವಿಮಾನ ನಿಲ್ದಾಣದ ಹೆಸರು. ಸ್ವಾತಂತ್ರ್ಯಪೂರ್ವದಲ್ಲಿ ಮೈಸೂರು ಸಂಸ್ಥಾನವು ಸಿದ್ಧಪಡಿಸಿದ್ದ ಇಳಿದಾಣವು ದಶಕಗಳ ಕಾಲ ಹೆಚ್ಚು ಬಳಕೆಯಿಲ್ಲದೆ ಇದ್ದು, ಹೊಸ ಕಟ್ಟಡದೊಂದಿಗೆ 2010ರ ಮೇ ತಿಂಗಳಲ್ಲಿ ಮತ್ತೆ ಉದ್ಘಾಟನೆಗೊಂಡಿತು. ಊರಿನವರಿಗೆ ಅದು ಹೊಲ, ಬದು, ಹಳ್ಳಗಳಿರುವ ಊರು. ಅಲ್ಲಿ ಯಾರಿಗಾದರೂ ತಲೆಗೆ ಪೆಟ್ಟಾದರೆ ಮೈಸೂರಿನ ದೊಡ್ಡಾಸ್ಪತ್ರೆಗೆ, ಅಲ್ಲಿಂದ ಅಗತ್ಯವೆನಿಸಿದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಬೇಕು. ವಿಮಾನ ನಿಲ್ದಾಣವು ಆ ಊರಿನ ನೆಲವನ್ನು ಮಾರ್ಪಡಿಸುತ್ತದೆ. ಆಸ್ಪತ್ರೆಯು ಆ ಊರಿನವರ ತಲೆಯನ್ನು ತೆರೆಯುತ್ತದೆ. ಎರಡೂ ಕಡೆ ಅವರಿಗೆ ಅರ್ಥವಾಗುವ ಕನ್ನಡವು ಬೇಕು.

2

ಪದವೊಂದರ ಹೊರರೂಪವು ಎಷ್ಟು ದಾರಿ ತಪ್ಪಿಸಬಲ್ಲದೆಂಬುದನ್ನು ಈ ಊರಿನ ಹೆಸರೇ ತೋರಿಸುತ್ತದೆ. ‘ಮಂಡೆ’ ಎಂದರೆ ತಲೆ, ‘ಕಳ್ಳಿ’ ಎಂದರೆ ಬೇಲಿಯ ಗಿಡ. ತಲೆಯ ಶಾಸ್ತ್ರವನ್ನೂ ಗಿಡದ ಶಾಸ್ತ್ರವನ್ನೂ ಒಟ್ಟಿಗೆ ಚರ್ಚಿಸಹೊರಟ ಲೇಖನಕ್ಕೆ ಇದಕ್ಕಿಂತ ಅನುಕೂಲವಾದ ನಿಷ್ಪತ್ತಿ ಇನ್ನೊಂದಿಲ್ಲ. ಅನುಕೂಲವಾದದ್ದು ಎಂಬ ಕಾರಣಕ್ಕೇ ಅದನ್ನು ಸಂಶಯದಿಂದ ನೋಡಬೇಕು. ‘ಮಂಡ’ ಎಂಬ ಪೂರ್ವಪದಕ್ಕೆ ‘ಕಳ್ಳಿ’ ಸೇರಿದ್ದರೆ ಉತ್ತರಪದದ ಆದಿಯ ಕಕಾರಕ್ಕೆ ಗಕಾರವು ಆದೇಶವಾಗಿ ‘ಮಂಡಗಳ್ಳಿ’ ಎಂದಾಗುವುದು ಸಹಜವಾಗಿತ್ತು. ಕಕಾರವು ಹಾಗೇ ನಿಂತಿರುವುದರಿಂದ ಅದು ಪೂರ್ವಪದಕ್ಕೆ ಸೇರಿದ್ದೆಂದೂ, ‘ಹಳ್ಳಿ’ಯು ಮೈಸೂರು ಸೀಮೆಯ ಆಡುಮಾತಿನ ಹಕಾರಲೋಪದಿಂದ ‘ಅಳ್ಳಿ’ಯಾಗಿ ಅಂಟಿಕೊಂಡಿದೆಯೆಂದೂ ಭಾವಿಸುವುದು ಹೆಚ್ಚು ಸಮಂಜಸ. ಸಮೀಪದ ಕೂರ್ಗಳ್ಳಿಯಂಥ ಹೆಸರುಗಳನ್ನೂ ಇದರ ಜೊತೆಯಲ್ಲಿಟ್ಟೇ ನೋಡಬೇಕಾಗುತ್ತದೆ. ಸ್ಥಳನಾಮಗಳು ಸಂಧಿನಿಯಮವನ್ನು ಮೀರುವುದುಂಟು ಎಂಬುದು ನಿಜ. ಆದರೂ ಕಿವಿಗೆ ಹಿತವಾದ ಅರ್ಥವೇ ಪದದ ಅರ್ಥವಲ್ಲ ಎಂಬ ಎಚ್ಚರವು ಮುಂದಿನ ಚರ್ಚೆಗೂ ಬೇಕಾಗಿದೆ.

ಈ ಎಚ್ಚರವು ಮೊದಲು ಬೇಕಾಗುವುದು ‘ನರ’ ಎಂಬ ಪದದ ವಿಷಯದಲ್ಲಿ. ಇದು ತಮಿಳಿನ ‘ನರಂಬು’, ತೆಲುಗಿನ ‘ನರಮು’ ಪದಗಳ ಸೋದರ. ದ್ರಾವಿಡ ಭಾಷೆಗಳಲ್ಲಿ ಈ ಪದದ ಹರಹು ಬಹಳ ದೊಡ್ಡದು. ಸ್ನಾಯುವನ್ನು ಎಲುಬಿಗೆ ಕಟ್ಟುವ ತಂತು, ರಕ್ತ ಹರಿಯುವ ನಾಳ, ಸಂವೇದನೆಯನ್ನು ಒಯ್ಯುವ ತಂತು, ಎಲೆಯ ಮೇಲಿನ ಗೆರೆ ಎಲ್ಲವೂ ನರವೇ. ಕತ್ತು ಹಿಡಿದರೆ ‘ನರ ಎಳೆಯುತ್ತದೆ’, ಸೂಜಿಮದ್ದು ಚುಚ್ಚುವಾಗ ದಾದಿ ಹುಡುಕುವುದೂ ‘ನರ’ವನ್ನೇ, ಮಿದುಳಿನ ರಕ್ತನಾಳ ಕಟ್ಟಿಕೊಂಡರೂ ‘ನರ ಬ್ಲಾಕ್ ಆಗಿದೆ.’ ಪಂಡಿತರ ಕಿವಿಗೆ ಇನ್ನೊಂದು ತೊಡಕೂ ಇದೆ. ಸಂಸ್ಕೃತದ ‘ನರ’ ಎಂದರೆ ಮನುಷ್ಯ. ಗೋವೈದ್ಯ, ಅಶ್ವವೈದ್ಯಗಳನ್ನು ಬಲ್ಲವನಿಗೆ ‘ನರವೈದ್ಯ’ ಎಂಬ ಪದವು ಮನುಷ್ಯರ ವೈದ್ಯನೆಂದೇ ಕೇಳುತ್ತದೆ. ಇಂದಿನ ಆಸ್ಪತ್ರೆಯ ಫಲಕದ ಮೇಲೆ ಅದಕ್ಕೆ ಬೇರೆಯೇ ಅರ್ಥ.

ಇದನ್ನು ಕನ್ನಡದ ಬಡತನವೆಂದು ತಿಳಿಯುವವರಿದ್ದಾರೆ. ಅದು ಸರಿಯಲ್ಲ. ಯುರೋಪಿನ ವೈದ್ಯಕ್ಕೆ ಮೂಲವಾದ ಗ್ರೀಕ್ ಪದ ‘ನ್ಯೂರಾನ್’ ಕೂಡ ಮೊದಲಿಗೆ ಸ್ನಾಯುತಂತು, ಬಿಲ್ಲಿನ ಹೆದೆ ಎಂಬ ಅರ್ಥಗಳನ್ನೇ ಹೊಂದಿತ್ತು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಹೆರೋಫಿಲಸ್ ಮತ್ತು ಎರಸಿಸ್ಟ್ರಾಟಸ್ ಎಂಬ ವೈದ್ಯರು ಶವಚ್ಛೇದನದ ಮೂಲಕ ಸಂವೇದನೆಯ ತಂತುಗಳನ್ನು ಉಳಿದ ತಂತುಗಳಿಂದ ಬೇರ್ಪಡಿಸಿದ ಮೇಲೆ ಆ ಪದದ ಅರ್ಥವು ಕ್ರಮೇಣ ಕಿರಿದಾಯಿತು. 1664ರಲ್ಲಿ ಥಾಮಸ್ ವಿಲಿಸ್ ಮಿದುಳಿನ ಅಂಗರಚನೆಯ ಬಗ್ಗೆ ಗ್ರಂಥ ಬರೆದಾಗ ಅದು ಒಂದು ಶಾಸ್ತ್ರದ ಹೆಸರಾಗಿ ನೆಲೆಗೊಂಡಿತು. ಅಂದರೆ ಆ ಪದಕ್ಕೆ ಖಚಿತತೆ ಬಂದದ್ದು ಅದರ ಹುಟ್ಟಿನಿಂದಲ್ಲ, ಸುಮಾರು ಎರಡು ಸಾವಿರ ವರ್ಷಗಳ ಕೆಲಸದಿಂದ. ಕನ್ನಡದ ‘ನರ’ಕ್ಕೆ ಅಂಥ ಕೆಲಸವು ಆಗಿಲ್ಲ. ಪದಕೋಶಗಳು ‘ನರಕೋಶ’, ‘ನರಮಂಡಲ’, ‘ನರವ್ಯೂಹ’ಗಳನ್ನು ಕಟ್ಟಿದುವು. ಆದರೆ ಆ ಕಟ್ಟಡದ ಅಡಿಪಾಯವಾದ ‘ನರ’ವನ್ನು ಜನರ ಬಳಕೆಯಲ್ಲಿ ಖಚಿತಗೊಳಿಸುವ ಪ್ರಯತ್ನವು ನಡೆಯಲಿಲ್ಲ.

ಇದರ ಪರಿಣಾಮವು ಕೇವಲ ಭಾಷಿಕವಾದದ್ದಲ್ಲ. ‘ಲಕ್ವ’ ಎಂಬ ಪದವನ್ನು ಗಮನಿಸಬಹುದು. ಅರಬ್ಬೀ ವೈದ್ಯದಲ್ಲಿ ಅದು ಮುಖದ ಒಂದು ಪಾರ್ಶ್ವ ಸೊಟ್ಟಗಾಗುವ ರೋಗದ ಹೆಸರು. ಕನ್ನಡದಲ್ಲಿ ಅದು ಅರ್ಧ ದೇಹದ ಸ್ವಾಧೀನ ತಪ್ಪುವುದಕ್ಕೂ ಬಳಕೆಯಾಗುತ್ತಿದೆ. ಮುಖದ ನರವೊಂದರ ಊತದಿಂದ ಬಾಯಿ ಸೊಟ್ಟಗಾದವರು ಬಹುತೇಕ ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಮಿದುಳಿನ ರಕ್ತನಾಳ ಕಟ್ಟಿಕೊಂಡವರಿಗೆ ಹೆಪ್ಪನ್ನು ಕರಗಿಸುವ ಮದ್ದು ಕೊಡಲು ಇರುವ ಅವಧಿ ನಾಲ್ಕೂವರೆ ಗಂಟೆ. ಎರಡಕ್ಕೂ ಒಂದೇ ಪದವಿದ್ದು, ಪಕ್ಕದ ಮನೆಯವರಿಗೆ ಲಕ್ವ ನಾಟಿ ಮದ್ದಿನಿಂದ ವಾಸಿಯಾಯಿತೆಂಬ ನೆನಪೂ ಇದ್ದಾಗ, ಆ ನಾಲ್ಕೂವರೆ ಗಂಟೆಗಳು ಎಲ್ಲಿ ಕಳೆದುಹೋಗುತ್ತವೆಂಬುದನ್ನು ಊಹಿಸುವುದು ಕಷ್ಟವಲ್ಲ. ‘ಮೂರ್ಛೆ’ಯ ವಿಷಯವೂ ಹೀಗೆಯೇ. ತಲೆಸುತ್ತಿ ಬೀಳುವುದೂ ಅದೇ, ಸೆಳವಿನ ರೋಗವೂ ಅದೇ.

3

ಮಿದುಳಿನ ಅಂಗರಚನಾಶಾಸ್ತ್ರದ ಲ್ಯಾಟಿನ್ ಪದಗಳನ್ನು ಒಂದೆಡೆ ಬರೆದಿಟ್ಟುಕೊಂಡು ಅವುಗಳ ಮೂಲಾರ್ಥವನ್ನು ನೋಡುತ್ತಾ ಹೋದರೆ ಒಂದು ಸ್ವಾರಸ್ಯಕರವಾದ ಸಂಗತಿಯು ಗೋಚರಿಸುತ್ತದೆ. ಮಿದುಳಿನ ಮೇಲ್ಮೈಯ ಮಡಿಕೆಗಳ ನಡುವಿನ ತಗ್ಗನ್ನು ‘ಸಲ್ಕಸ್’ ಎನ್ನುತ್ತಾರೆ; ಅದು ನೇಗಿಲು ಎಳೆದ ಸಾಲು. ‘ಫಾಸ’ ಎಂದರೆ ಹಳ್ಳ, ಅಗಳು. ‘ಪಾನ್ಸ್’ ಎಂದರೆ ಸೇತುವೆ. ‘ಇನ್ಸುಲ’ ಎಂದರೆ ದ್ವೀಪ, ನಮ್ಮ ನಡುಗಡ್ಡೆ. ‘ಕಾಲಿಕ್ಯುಲಸ್’ ಎಂದರೆ ಸಣ್ಣ ಗುಡ್ಡ, ‘ವ್ಯಾಲಿಕ್ಯುಲ’ ಎಂದರೆ ಕಿರುಕಣಿವೆ, ‘ಸಿಸ್ಟರ್ನ’ ಎಂದರೆ ನೀರು ನಿಲ್ಲುವ ತೊಟ್ಟಿ, ‘ಅಕ್ವಡಕ್ಟ್’ ಎಂದರೆ ನೀರು ಒಯ್ಯುವ ಕಾಲುವೆ, ‘ಕಾರ್ಟೆಕ್ಸ್’ ಎಂದರೆ ಮರದ ತೊಗಟೆ. ನರಕೋಶದ ಕವಲುಗಳಿಗೆ ಇಟ್ಟ ‘ಡೆಂಡ್ರೈಟ್’ ಎಂಬ ಹೆಸರಿನ ಮೂಲದಲ್ಲಿರುವುದು ಮರ. ಕಿರುಮಿದುಳನ್ನು ಕೊಯ್ದಾಗ ಕಾಣುವ ಬಿಳಿಯ ಕವಲುಗಳಿಗೆ ‘ಜೀವವೃಕ್ಷ’ ಎಂದೇ ಲ್ಯಾಟಿನ್ನಿನಲ್ಲಿ ಹೆಸರು.

ಯುರೋಪಿನ ಅಂಗರಚನಾಕಾರರು ತಲೆಬುರುಡೆಯೊಳಗೆ ಕಂಡ ಅಪರಿಚಿತ ಲೋಕವನ್ನು ಹೆಸರಿಸಲು ತಮ್ಮ ಸುತ್ತಲಿನ ನೆಲದ ಮಾತುಗಳನ್ನು ಒಯ್ದರು. ಕಿವಿಗೆ ಗಹನವಾಗಿ ಕೇಳುವ ಈ ಪರಿಭಾಷೆಯು ವಾಸ್ತವವಾಗಿ ಉಳುವವರ, ಕಾಲುವೆ ತೋಡುವವರ, ಸೇತುವೆ ಕಟ್ಟುವವರ ಭಾಷೆ. ಅವುಗಳನ್ನು ಕನ್ನಡಕ್ಕೆ ತರುವಾಗ ನಮ್ಮ ಪದಕೋಶಗಳು ಆ ಮೂಲದ ಕಡೆಗೆ ನೋಡಲಿಲ್ಲ. ಗಹನತೆಯನ್ನು ಗಹನತೆಯಿಂದಲೇ ಅನುವಾದಿಸಿದುವು. ‘ಮಹಾಮಸ್ತಿಷ್ಕ’, ‘ಅನುಮಸ್ತಿಷ್ಕ’ ಎಂಬ ರೂಪಗಳು ಹುಟ್ಟಿದುವು. ಇದಕ್ಕೆ ಪ್ರತಿಯಾಗಿ ಶಾಲಾ ಪಠ್ಯಗಳು ಬಳಸಿದ ‘ಮುಮ್ಮೆದುಳು’, ‘ಹಿಮ್ಮೆದುಳು’, ‘ಬೆನ್ನುಹುರಿ’ ಎಂಬ ಪದಗಳು ಯಾವ ವಿವರಣೆಯನ್ನೂ ಬೇಡದೆ ನಿಂತುಬಿಟ್ಟಿವೆ. ಬೆನ್ನುಹುರಿಯಂಥ ಪದವನ್ನು ರೂಪಿಸಿದವರಿಗೆ ಕನ್ನಡವು ಕೃತಜ್ಞವಾಗಿರಬೇಕು.

ನೆಲದ ಪದವು ಕೇವಲ ಸುಲಭವಾದದ್ದಲ್ಲ, ಕೆಲವೆಡೆ ಹೆಚ್ಚು ಖಚಿತವಾದದ್ದೂ ಹೌದು. ಇದಕ್ಕೆ ಅತ್ಯುತ್ತಮ ನಿದರ್ಶನವೆಂದರೆ ತಲೆಯಲ್ಲಿ ನೀರು ತುಂಬಿಕೊಳ್ಳುವ ರೋಗ. ಮಿದುಳಿನೊಳಗೆ ನಾಲ್ಕು ಕುಹರಗಳಿವೆ. ವಯಸ್ಕರಲ್ಲಿ ದಿನಕ್ಕೆ ಸುಮಾರು 500 ಮಿಲಿಲೀಟರಿನಷ್ಟು ತಿಳಿದ್ರವವು ಇವುಗಳಲ್ಲಿ ಉತ್ಪತ್ತಿಯಾಗುತ್ತದೆ. ಆದರೆ ಯಾವುದೇ ಹೊತ್ತಿನಲ್ಲಿ ಮಿದುಳು ಮತ್ತು ಬೆನ್ನುಹುರಿಯ ಸುತ್ತ ಇರುವುದು ಸುಮಾರು 150 ಮಿಲಿಲೀಟರ್ ಮಾತ್ರ. ಬಂದಷ್ಟೇ ನೀರು ಹರಿದುಹೋಗಿ ರಕ್ತದಲ್ಲಿ ಸೇರುತ್ತಿರಬೇಕು. ಮೂರನೆಯ ಕುಹರದಿಂದ ನಾಲ್ಕನೆಯದಕ್ಕೆ ಹೋಗುವ ದಾರಿಯು ಬಹಳ ಕಿರಿದಾದ ಕಾಲುವೆ. ಅದು ಕಟ್ಟಿಕೊಂಡರೆ ಮೇಲಿನ ಕುಹರಗಳು ಹಿಗ್ಗುತ್ತವೆ, ಮಿದುಳು ಒತ್ತಿಹೋಗುತ್ತದೆ. ತಲೆಯೋಡು ಇನ್ನೂ ಕೂಡಿಕೊಳ್ಳದ ಶಿಶುವಾಗಿದ್ದರೆ ತಲೆಯೇ ದೊಡ್ಡದಾಗುತ್ತದೆ.

ಶಸ್ತ್ರವೈದ್ಯರು ಇದಕ್ಕೆ ಮಾಡುವ ಒಂದು ಉಪಾಯವೆಂದರೆ ಕುಹರದಿಂದ ಹೊಟ್ಟೆಯವರೆಗೆ ಚರ್ಮದಡಿಯಲ್ಲಿ ಸಣ್ಣ ಕೊಳವೆಯನ್ನು ಹಾಯಿಸುವುದು. ಕೊಳವೆಯ ನಡುವೆ ಒಂದು ಕವಾಟವಿದ್ದು, ಒತ್ತಡವು ಗೊತ್ತಾದ ಮಿತಿಯನ್ನು ಮೀರಿದಾಗ ಮಾತ್ರ ಅದು ತೆರೆದುಕೊಳ್ಳುತ್ತದೆ. ಇದನ್ನು ‘ಶಂಟ್’ ಎನ್ನುತ್ತಾರೆ. ಕೆರೆಯ ನಾಡಾದ ದಕ್ಷಿಣ ಕರ್ನಾಟಕದಲ್ಲಿ ಇದಕ್ಕೆ ಹೆಸರು ಹುಡುಕಬೇಕಾಗಿಲ್ಲ. ಕೆರೆಯಿಂದ ನೀರು ಹೊರಬೀಳುವ ದಾರಿಗಳು ಎರಡು, ತೂಬು ಮತ್ತು ಕೋಡಿ. ತೂಬನ್ನು ಬೇಕೆಂದಾಗ ಮನುಷ್ಯನು ತೆರೆಯುತ್ತಾನೆ. ಕೋಡಿಯು ನೀರಿನ ಮಟ್ಟವು ಮಿತಿಯನ್ನು ಮುಟ್ಟಿದಾಗ ತಾನಾಗಿಯೇ ಹರಿದು ಏರಿಯನ್ನು ಕಾಪಾಡುತ್ತದೆ. ತಲೆಯೊಳಗಿನ ಕೊಳವೆಯು ಮಾಡುವುದು ಕೋಡಿಯ ಕೆಲಸವನ್ನು, ತೂಬಿನ ಕೆಲಸವನ್ನಲ್ಲ. ‘ಜಲಮಸ್ತಿಷ್ಕಕ್ಕೆ ಪಾರ್ಶ್ವನಾಳ ಅಳವಡಿಕೆ’ ಎಂಬ ವಾಕ್ಯವನ್ನು ಕೇಳಿ ತಲೆಯಾಡಿಸಿ ಹೆಬ್ಬೆಟ್ಟು ಒತ್ತುವ ತಂದೆಯೊಬ್ಬನಿಗೆ, ಮಗುವಿನ ತಲೆಯಲ್ಲಿ ಕಾಲುವೆ ಕಟ್ಟಿಕೊಂಡಿದೆ, ಏರಿ ಒಡೆಯದ ಹಾಗೆ ಕೋಡಿ ಬಿಡಬೇಕಾಗಿದೆ ಎಂದರೆ, ಅವನು ಮುಂದಿನ ಪ್ರಶ್ನೆಗಳನ್ನು ತಾನೇ ಕೇಳುತ್ತಾನೆ: ಕೋಡಿಯಲ್ಲಿ ಹೂಳು ಕಟ್ಟಿಕೊಂಡರೆ ಏನು ಗತಿ? ಅದು ನಿಜಕ್ಕೂ ಕೇಳಬೇಕಾದ ಪ್ರಶ್ನೆ. ಇಂಥ ಕೊಳವೆಗಳು ಕಟ್ಟಿಕೊಳ್ಳುವುದುಂಟು. ಆಗ ಮಗು ವಾಂತಿ ಮಾಡಿ ಮಂಕಾಗುತ್ತದೆ. ತಡಮಾಡದೆ ಮತ್ತೆ ಆಸ್ಪತ್ರೆಗೆ ಕರೆತರಬೇಕು.

ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಚಿಕಿತ್ಸೆಯ ಸ್ವರೂಪ, ಅಪಾಯ, ಪರ್ಯಾಯಗಳ ಬಗ್ಗೆ ಸಾಕಷ್ಟು ತಿಳಿದು ಕೊಟ್ಟದ್ದೇ ನಿಜವಾದ ಸಮ್ಮತಿ ಎಂದು ಸ್ಪಷ್ಟಪಡಿಸಿತು. ಅನಂತರ ಸಮ್ಮತಿಪತ್ರಗಳ ಕನ್ನಡ ಅನುವಾದಗಳು ಹೆಚ್ಚಿದುವು. ತಿಳಿಯುವ ಕನ್ನಡವು ಅದೇ ಪ್ರಮಾಣದಲ್ಲಿ ಹೆಚ್ಚಿತೆಂದು ಹೇಳುವಂತಿಲ್ಲ.

ನೆಲದ ಪದಗಳೆಲ್ಲ ಹೀಗೆ ಉಪಕಾರಿಗಳೆಂದೂ ಭಾವಿಸಬಾರದು. ‘ಗೆಡ್ಡೆ’ ಎಂಬ ಪದವು ಇದಕ್ಕೆ ವಿರುದ್ಧವಾದ ನಿದರ್ಶನ. ಆಲೂಗೆಡ್ಡೆಯನ್ನೂ ಸುವರ್ಣಗೆಡ್ಡೆಯನ್ನೂ ಅಗೆದು ತೆಗೆದವರಿಗೆ ಮಿದುಳಿನ ಗೆಡ್ಡೆಯೂ ಹಾಗೆಯೇ ಇಡಿಯಾಗಿ ಕಿತ್ತುಬರುವ ವಸ್ತುವೆಂದು ತೋರುವುದು ಸ್ವಾಭಾವಿಕ. ಮಿದುಳಿನ ಹೊದಿಕೆಯಿಂದ ಹುಟ್ಟುವ ಮೆನಿಂಜಿಯೋಮವು ಬಹುಮಟ್ಟಿಗೆ ಹಾಗೆಯೇ ಇರುತ್ತದೆ, ಅದಕ್ಕೆ ಗೆಡ್ಡೆಯೆಂಬುದು ಒಪ್ಪುವ ಹೆಸರು. ಆದರೆ ಮಿದುಳಿನ ಒಳಗಿನ ಪೋಷಕ ಕೋಶಗಳಿಂದ ಬೆಳೆಯುವ ಗ್ಲಿಯೋಮಕ್ಕೆ ಅಂಚಿಲ್ಲ. ಅದು ಹೊಲದಲ್ಲಿ ಗರಿಕೆ ಹಬ್ಬುವಂತೆ ಆರೋಗ್ಯವಂತ ಭಾಗದೊಳಗೆ ಎಳೆಯೆಳೆಯಾಗಿ ಸೇರಿಕೊಂಡಿರುತ್ತದೆ. ‘ಗೆಡ್ಡೆ ತೆಗೆದೆವು’ ಎಂದು ವೈದ್ಯರು ಹೇಳಿದ ಮೇಲೂ ಅದು ಮರಳಿ ಬಂದರೆ, ಮನೆಯವರು ವೈದ್ಯರನ್ನು ದೂರುತ್ತಾರೆ, ದೋಷವಿರುವುದು ಪದದಲ್ಲಿ. ಎರಡು ಬಗೆಯ ರೋಗಕ್ಕೆ ಎರಡು ಪದ ಬೇಕು. ಗೆಡ್ಡೆಗೂ ಗರಿಕೆಗೂ ಇರುವ ವ್ಯತ್ಯಾಸವನ್ನು ಕಳೆ ಕಿತ್ತ ಯಾವ ಹೆಣ್ಣುಮಗಳಿಗೂ ವಿವರಿಸಬೇಕಾಗಿಲ್ಲ. ಆದರೂ ‘ಗರಿಕೆ’ಯನ್ನು ರೋಗದ ಹೆಸರಾಗಿ ಸೂಚಿಸುವುದು ಉಚಿತವಲ್ಲ. ಪೂಜೆಗೆ ಸಲ್ಲುವ ಹುಲ್ಲನ್ನು ಸಾವಿನ ಹೆಸರಾಗಿಸಿದರೆ ಜನರು ಅದನ್ನು ಒಪ್ಪುವುದಿಲ್ಲ. ವಿವರಣೆಯಲ್ಲಿ ಬಳಸಬಹುದು, ಪರಿಭಾಷೆಯಾಗಿ ಅಲ್ಲ.

4

ಇನ್ನು ‘ಭೂದೃಶ್ಯ’ದ ವಿಚಾರ. ಇಂಗ್ಲಿಷಿನ ಮೂಲಪದವು ಡಚ್ ಚಿತ್ರಕಾರರಿಂದ ಬಂದದ್ದು. ಚೌಕಟ್ಟಿನಲ್ಲಿ ಕಾಣುವ ನೆಲದ ಚಿತ್ರ ಎಂಬುದು ಇಂಗ್ಲಿಷಿನಲ್ಲಿ ಅದರ ಮೊದಲ ಅರ್ಥ. ಈ ಪದವನ್ನು ವಾಸ್ತುಶಿಲ್ಪದೊಡನೆ ಜೋಡಿಸಿದ ಗಿಲ್ಬರ್ಟ್ ಲೇಯಿಂಗ್ ಮೀಸನ್ನನ 1828ರ ಪುಸ್ತಕವೂ ಇಟಲಿಯ ಚಿತ್ರಕಾರರನ್ನು ಕುರಿತದ್ದೇ. ಅನಂತರ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕನ್ನು ರೂಪಿಸಿದ ಓಮ್‌ಸ್ಟೆಡ್ ಮೊದಲಾದವರು ಅದನ್ನು ಒಂದು ವೃತ್ತಿಯ ಹೆಸರಾಗಿಸಿದರು. ಹೀಗೆ ನೋಡಿದರೆ ‘ಭೂದೃಶ್ಯ’ ಎಂಬುದು ನಿಷ್ಠಾವಂತ ಅನುವಾದ. ಕಷ್ಟವಿರುವುದು ಆ ನಿಷ್ಠೆಯಲ್ಲಿಯೇ. ನೆಲವು ಅದರಲ್ಲಿ ನೋಟವಾಗಿಬಿಡುತ್ತದೆ, ನೋಡುವವನು ನೆಲದ ಹೊರಗೆ ನಿಲ್ಲುತ್ತಾನೆ.

ನೋಟಕ್ಕೂ ಬೆಲೆಯಿಲ್ಲವೆಂದಲ್ಲ. 1984ರಲ್ಲಿ ರೋಜರ್ ಉಲ್ರಿಕ್ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವು ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಗೊಳಗಾದ 46 ರೋಗಿಗಳ ದಾಖಲೆಗಳನ್ನು ಹೋಲಿಸಿತು. ಕಿಟಕಿಯಿಂದ ಮರಗಳು ಕಾಣುತ್ತಿದ್ದವರು, ಇಟ್ಟಿಗೆಯ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಮರಳಿದ್ದರು, ಬಲವಾದ ನೋವುಶಾಮಕಗಳನ್ನು ಕಡಿಮೆ ತೆಗೆದುಕೊಂಡಿದ್ದರು. ವಿನ್ಯಾಸಕಾರರು ಮತ್ತು ವೈದ್ಯರು ಒಂದೇ ಮೇಜಿನ ಸುತ್ತ ಕೂರಲು ಈ ಪುಟ್ಟ ಲೇಖನವು ಕಾರಣವಾಯಿತು. ಮೈಸೂರು ಸಂಸ್ಥಾನಕ್ಕೂ ಈ ವಿಚಾರವು ಹೊರಗಿನದಲ್ಲ. 1908ರಲ್ಲಿ ಇಲ್ಲಿಗೆ ಬಂದ ಜರ್ಮನ್ ತೋಟಗಾರ ಕ್ರುಂಬಿಗಲ್ ಲಾಲ್‌ಬಾಗನ್ನೂ ಸಂಸ್ಥಾನದ ಉದ್ಯಾನಗಳನ್ನೂ ರೂಪಿಸಿದ ಕಾಲದಲ್ಲಿಯೇ, ಮೈಸೂರಿನ ಕ್ಷಯರೋಗ ಆಸ್ಪತ್ರೆಯನ್ನು ಊರ ಹೊರಗೆ ವಿಶಾಲವಾದ ಬಯಲಿನಲ್ಲಿ ಕಟ್ಟಲಾಯಿತು. ಗಾಳಿ, ಬೆಳಕು, ಮರಗಳು ಅಂದು ಚಿಕಿತ್ಸೆಯ ಭಾಗವಾಗಿದ್ದುವು.

ಆದರೆ ಮಂಡಕಳ್ಳಿಯಂಥ ಊರಿನಲ್ಲಿ ನೆಲವು ದೃಶ್ಯವಲ್ಲ. ಮೈಸೂರು ಸೀಮೆಯ ಒಕ್ಕಲಿನ ಮಾತಿನಲ್ಲಿ ಅದಕ್ಕೆ ನೂರು ಹೆಸರುಗಳಿವೆ. ಗದ್ದೆ, ಬೆದ್ದಲು, ಬೀಳು, ದಿಣ್ಣೆ, ತಗ್ಗು, ಕೊರಕಲು, ಬದು, ಕಟ್ಟೆ, ಕುಂಟೆ, ಹಳ್ಳ ಇವು ರೈತನ ಪದಗಳಾದರೆ, ತರಿ, ಖುಷ್ಕಿ, ಬಾಗಾಯ್ತು, ಗೋಮಾಳ, ಗುಂಡುತೋಪು, ಖರಾಬು ಇವು ಕಂದಾಯದ ಪದಗಳು. ಕೆರೆಯೊಂದಕ್ಕೇ ಏರಿ, ಅಂಗಳ, ತೂಬು, ಕೋಡಿ, ಹಿನ್ನೀರು, ಅಚ್ಚುಕಟ್ಟು ಎಂಬ ಅವಯವಗಳಿವೆ. ಇವು ನೋಡುವವನ ಪದಗಳಲ್ಲ, ನೆಲದೊಡನೆ ಏನನ್ನೋ ಮಾಡುವವನ ಪದಗಳು. ಶಾಸನಗಳಲ್ಲಿ ಕೆರೆಯ ನಿರ್ವಹಣೆಗೆ ಬಿಟ್ಟ ಭೂಮಿಗೆ ‘ಬಿತ್ತುವಟ್ಟ’, ‘ಕಟ್ಟುಕೊಡಗೆ’ ಎಂಬ ಹೆಸರುಗಳು ದೊರೆಯುತ್ತವೆ. ಅಂದರೆ ವಿನ್ಯಾಸದ ಜೊತೆಗೆ ಅದರ ಪಾಲನೆಯ ವೆಚ್ಚಕ್ಕೂ ಭಾಷೆಯಲ್ಲಿ ಸ್ಥಾನವಿತ್ತು. ಇಂದಿನ ಉದ್ಯಾನ ಯೋಜನೆಗಳು ಬಹುತೇಕ ಸೋಲುವುದು ಇಲ್ಲಿಯೇ. ನೆಡುವುದಕ್ಕೆ ಹಣವಿರುತ್ತದೆ, ನೀರೆರೆಯುವುದಕ್ಕೆ ಇರುವುದಿಲ್ಲ. ಕನ್ನಡದ ವಿನ್ಯಾಸ ಪರಿಭಾಷೆಗೆ ‘ಬಿತ್ತುವಟ್ಟ’ದಂಥ ಪದವು ಮರಳಿ ಬಂದರೆ, ಅದರ ಹಿಂದೆ ಒಂದು ವ್ಯವಸ್ಥೆಯ ನೆನಪೂ ಬರುತ್ತದೆ.

ವಿಮಾನ ನಿಲ್ದಾಣದ ನೆಲವು ಇದಕ್ಕೆ ತೀರ ವಿರುದ್ಧವಾದದ್ದು. ಓಡುದಾರಿಗೆ ಬೇಕಾದದ್ದು ಸಮತಟ್ಟು. ಅದರ ಎರಡೂ ತುದಿಗಳಾಚೆ ಎತ್ತರದ ಮರವಿರಬಾರದು. ಹಕ್ಕಿಗಳನ್ನು ಕರೆಯುವ ನೀರು, ಕಸ, ಹಣ್ಣಿನ ಮರಗಳು ಸಮೀಪದಲ್ಲಿ ಇರದಿದ್ದರೆ ಒಳ್ಳೆಯದು. ಸುರಕ್ಷತೆಯ ದೃಷ್ಟಿಯಿಂದ ಇದೆಲ್ಲ ಸಕಾರಣವಾದದ್ದು, ಇದರಲ್ಲಿ ದೂಷಿಸಬೇಕಾದದ್ದೇನೂ ಇಲ್ಲ. ಮಂಡಕಳ್ಳಿಯಲ್ಲಿ ಓಡುದಾರಿಯ ಒಂದು ಬದಿಗೆ ನಂಜನಗೂಡಿನ ಹೆದ್ದಾರಿಯೂ ಚಾಮರಾಜನಗರದ ರೈಲುಹಳಿಯೂ ಇರುವುದರಿಂದ ಅದನ್ನು ಉದ್ದಗೊಳಿಸುವ ಚರ್ಚೆಯು ಬಹಳ ವರ್ಷಗಳಿಂದ ನಡೆದಿದೆ. ಭಾಷಾಶಾಸ್ತ್ರದ ದೃಷ್ಟಿಯಿಂದ ಗಮನಿಸಬೇಕಾದದ್ದು ಬೇರೆ. ದಿಣ್ಣೆಯನ್ನು ಕೆತ್ತಿ ತಗ್ಗನ್ನು ತುಂಬಿದಾಗ ಹೋಗುವುದು ಮಣ್ಣು ಮಾತ್ರವಲ್ಲ. ಕೊರಕಲನ್ನು ಕಾಣದ ಮಗುವಿಗೆ ಕೊರಕಲು ಎಂಬ ಪದ ಬೇಕಾಗುವುದಿಲ್ಲ. ಕೋಡಿ ಬಿದ್ದ ಕೆರೆಯನ್ನು ಕಾಣದವನಿಗೆ ಕೋಡಿಯ ಉಪಮೆಯನ್ನು ಹೇಳಿ ಮಿದುಳನ್ನು ವಿವರಿಸಲು ಸಾಧ್ಯವಿಲ್ಲ. ಎರಡು ಶಿಸ್ತುಗಳ ನಂಟು ಇರುವುದು ಇಲ್ಲಿ. ನೆಲದ ಪದಸಂಪತ್ತು ಬರಿದಾದರೆ ತಲೆಯ ಪರಿಭಾಷೆಗೆ ಇರುವ ದೇಶೀಯ ಆಕರವೂ ಬರಿದಾಗುತ್ತದೆ.

ಹಿಂದಿಯಲ್ಲಿ ಅನುಪಮ್ ಮಿಶ್ರಾ ಅವರು 1993ರಲ್ಲಿ ಪ್ರಕಟಿಸಿದ ಕೆರೆಗಳ ಕುರಿತ ಪುಸ್ತಕದಲ್ಲಿ ಕೆರೆಯ ಒಂದೊಂದು ಅಂಗದ ಹೆಸರನ್ನೂ ಊರೂರಿನ ಬಾಯಿಂದ ಎತ್ತಿಕೊಂಡು, ಆ ಹೆಸರುಗಳ ಮೂಲಕವೇ ಅದರ ಎಂಜಿನಿಯರಿಂಗನ್ನು ವಿವರಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ವೃತ್ತಿಪದಕೋಶಗಳು ಕನ್ನಡದಲ್ಲಿ ಈ ದಾರಿಯನ್ನು ತೆರೆದಿವೆ. ಅವುಗಳಲ್ಲಿ ಪದವೂ ಅರ್ಥವೂ ದೊರೆಯುತ್ತವೆ. ಆದರೆ ತೂಬಿಗೂ ಕೋಡಿಗೂ ಇರುವಂಥ ಕಾರ್ಯಭೇದವು ನಮೂದಾಗಿದ್ದರೆ ಮಾತ್ರ ಬೇರೊಂದು ಶಾಸ್ತ್ರಕ್ಕೆ ಅವು ಒದಗಬಲ್ಲವು.

5

ಕನ್ನಡ ವಿಭಾಗಗಳಿಗೂ ಶಸ್ತ್ರಚಿಕಿತ್ಸಾ ಕೊಠಡಿಗೂ ನೇರ ಸಂಬಂಧವಿರುವ ಸಂದರ್ಭವೊಂದನ್ನು ಇಲ್ಲಿ ಪ್ರಸ್ತಾಪಿಸಬೇಕು. ಭಾರತದಲ್ಲಿ ನರಶಸ್ತ್ರಚಿಕಿತ್ಸೆಯ ಪ್ರತ್ಯೇಕ ವಿಭಾಗವು ಮೊದಲಿಗೆ 1949ರಲ್ಲಿ ಜೇಕಬ್ ಚಾಂಡಿಯವರಿಂದ ವೆಲ್ಲೂರಿನಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಈ ಶಾಸ್ತ್ರವು ಬೇರೂರಿದ್ದು ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ. 1974ರಲ್ಲಿ ಅದು ನಿಮ್ಹಾನ್ಸ್ ಆಗಿ ರೂಪುಗೊಂಡಾಗ ನಿರ್ದೇಶಕರಾಗಿದ್ದ ಆರ್. ಮಾರ್ತಾಂಡ ವರ್ಮ ಅವರು ಸ್ವತಃ ನರಶಸ್ತ್ರವೈದ್ಯರು. ಆ ಶಾಸ್ತ್ರದ ಒಂದು ವಿಧಾನದಲ್ಲಿ ರೋಗಿಯನ್ನು ಎಚ್ಚರವಾಗಿರಿಸಿಯೇ ಮಿದುಳಿನ ಮೇಲೆ ಕೆಲಸ ಮಾಡುತ್ತಾರೆ. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಮಾಂಟ್ರಿಯಲ್ಲಿನ ವೈಲ್ಡರ್ ಪೆನ್‌ಫೀಲ್ಡ್ ಇದನ್ನು ವ್ಯವಸ್ಥಿತಗೊಳಿಸಿದರು. ಮಿದುಳಿಗೆ ತನ್ನದೇ ನೋವಿನ ಸಂವೇದನೆ ಇಲ್ಲದಿರುವುದರಿಂದ ಇದು ಸಾಧ್ಯ. ಮಾತಿಗೆ ಸಂಬಂಧಿಸಿದ ಭಾಗದ ಹತ್ತಿರ ರೋಗವಿದ್ದಾಗ, ವೈದ್ಯರು ಮಿದುಳಿನ ಮೇಲ್ಮೈಯ ಬಿಂದುಗಳನ್ನು ಒಂದೊಂದಾಗಿ ಸಣ್ಣ ವಿದ್ಯುತ್ತಿನಿಂದ ಮುಟ್ಟುತ್ತಾರೆ. ಅದೇ ಕ್ಷಣದಲ್ಲಿ ರೋಗಿಗೆ ಚಿತ್ರಗಳನ್ನು ತೋರಿಸಿ ಹೆಸರು ಹೇಳಿಸುತ್ತಾರೆ. ಹೆಸರು ತಡವರಿಸಿದ ಕಡೆ ಕತ್ತರಿ ಹೋಗುವುದಿಲ್ಲ.

ಆ ಚಿತ್ರಗಳು ಯಾವುವು, ಅವುಗಳ ಸರಿಯುತ್ತರ ಯಾವುದು ಎಂಬುದನ್ನು ನಿರ್ಧರಿಸಬೇಕಾದವರು ಯಾರು? ಎರಡು ಭಾಷೆ ಬಲ್ಲವರಲ್ಲಿ ಹೆಸರಿಸುವಿಕೆಗೆ ತೊಡಕಾಗುವ ಬಿಂದುಗಳು ಎರಡು ಭಾಷೆಗಳಿಗೂ ಒಂದೇ ಆಗಿರುವುದಿಲ್ಲವೆಂಬುದನ್ನು 1978ರಲ್ಲಿ ಓಜಿಮನ್ ಮತ್ತು ವಿಟೇಕರ್ ತೋರಿಸಿದ್ದರು. ಆದ್ದರಿಂದ ಇಂಗ್ಲಿಷಿನಲ್ಲಿ ಪರೀಕ್ಷಿಸಿ ಕನ್ನಡವನ್ನು ಕಾಪಾಡಿದೆವೆಂದು ಭಾವಿಸುವಂತಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1960ರ ದಶಕದಿಂದಲೂ ಮಾತಿನ ದೋಷಗಳ ಬಗ್ಗೆ ಕೆಲಸ ಮಾಡುತ್ತಿದ್ದು, ಮಿದುಳಿನ ಆಘಾತದಿಂದ ಮಾತು ಕಳೆದುಕೊಂಡವರನ್ನು ಕನ್ನಡದಲ್ಲಿ ಪರೀಕ್ಷಿಸುವ ಸಾಧನಗಳು ಅಲ್ಲಿ ರೂಪುಗೊಂಡಿವೆ. ಕನ್ನಡದ ಅಕ್ಷರಗಳನ್ನು ಮಿದುಳು ಓದುವ ಬಗೆಯ ಕುರಿತು ಪ್ರತಿಭಾ ಕಾರಂತರು ಮಾಡಿದ ಕೆಲಸವು ಕನ್ನಡ ವಿಭಾಗಗಳಲ್ಲಿ ಇನ್ನೂ ಹೆಚ್ಚು ಓದುಗರನ್ನು ಪಡೆಯಬೇಕಾದದ್ದು.

ಉಳಿದಿರುವ ಸಮಸ್ಯೆ ಪ್ರಾದೇಶಿಕ ಭೇದಗಳದ್ದು. ಬುಟ್ಟಿಯ ಚಿತ್ರವನ್ನು ನೋಡಿದ ಮೈಸೂರು ಸೀಮೆಯ ರೈತ ‘ಮಂಕರಿ’ ಎನ್ನಬಹುದು, ಚಿಕ್ಕದಾಗಿ ಕಂಡರೆ ‘ಕುಕ್ಕೆ’ ಎನ್ನಬಹುದು. ನೀರು ನಿಂತ ಚಿತ್ರಕ್ಕೆ ಒಬ್ಬನು ‘ಕೆರೆ’ ಎಂದರೆ ಇನ್ನೊಬ್ಬನು ‘ಕಟ್ಟೆ’ ಎನ್ನುತ್ತಾನೆ, ಮೂರನೆಯವನು ‘ಕುಂಟೆ’ ಎನ್ನುತ್ತಾನೆ. ಆ ಕ್ಷಣದಲ್ಲಿ ‘ಕುಂಟೆ’ ಎಂಬುದು ಸರಿಯಾದ ಉತ್ತರವೇ, ಅಥವಾ ಮಾತು ತಪ್ಪುತ್ತಿರುವುದರ ಲಕ್ಷಣವೇ ಎಂಬುದನ್ನು ಪಕ್ಕದಲ್ಲಿ ಕುಳಿತ ಪರೀಕ್ಷಕರು ಸೆಕೆಂಡುಗಳಲ್ಲಿ ತೀರ್ಮಾನಿಸಬೇಕು. ಅವರ ಕೈಯಲ್ಲಿರುವ ಪಟ್ಟಿಯಲ್ಲಿ ‘ಕೆರೆ’ ಎಂದಷ್ಟೇ ಬರೆದಿದ್ದರೆ ಆರೋಗ್ಯವಂತ ಬಿಂದುವೊಂದು ದೋಷವೆಂದು ಗುರುತಾಗುತ್ತದೆ, ಇಲ್ಲವೆ ಪರೀಕ್ಷಕರು ಬೇಸತ್ತು ಎಲ್ಲ ಉತ್ತರಗಳನ್ನೂ ಒಪ್ಪಿಕೊಂಡರೆ ನಿಜವಾದ ದೋಷವೂ ಕಣ್ತಪ್ಪುತ್ತದೆ.

ಇಂಥ ಪಟ್ಟಿಯನ್ನು ಸಿದ್ಧಪಡಿಸಲು ಆಸ್ಪತ್ರೆಯ ಸಲಕರಣೆಗಳೇನೂ ಬೇಕಿಲ್ಲ. ನೂರು ಚಿತ್ರಗಳು ಬೇಕು. ಮೈಸೂರು, ಚಾಮರಾಜನಗರ, ಮಂಡ್ಯ ಜಿಲ್ಲೆಗಳ ಊರುಗಳಲ್ಲಿ ಬೇರೆ ಬೇರೆ ವಯಸ್ಸಿನ, ಕಸುಬಿನ, ಜಾತಿಯ ಗಂಡಸರಿಗೂ ಹೆಂಗಸರಿಗೂ ಅವನ್ನು ತೋರಿಸಿ, ಕೇಳಿದ ಹೆಸರುಗಳನ್ನು ಬಂದಂತೆಯೇ ಬರೆದುಕೊಳ್ಳುವ ತಾಳ್ಮೆ ಬೇಕು. ಉಪಭಾಷಾ ಅಧ್ಯಯನದಲ್ಲಿ ತರಬೇತಿ ಪಡೆದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಇದು ಒಂದು ವರ್ಷದ ಕ್ಷೇತ್ರಕಾರ್ಯ. ಮಂಡಕಳ್ಳಿಯ ಓಡುದಾರಿಯ ಬೇಲಿಯಾಚೆ ಇನ್ನೂ ಉಳುವ ಹೊಲಗಳಿವೆ. ‘ಕುಂಟೆ’ಗೂ ‘ಕಟ್ಟೆ’ಗೂ ಇರುವ ವ್ಯತ್ಯಾಸವನ್ನು ಕೈ ತೋರಿಸಿ ಹೇಳಬಲ್ಲ ಹಿರಿಯರು ಅಲ್ಲಿದ್ದಾರೆ.